ಸೊನ್ನೆ ಬೇರೆ, ಗೈರುಹಾಜರಿ ಬೇರೆ

ಅಂಕಪಟ್ಟಿಯಲ್ಲಿ ‘ಸೊನ್ನೆ’ ಎಂದಿದ್ದರೆ ಒಂದು ಅರ್ಥ, ‘ಗೈರುಹಾಜರು’ ಎಂದಿದ್ದರೆ ಇನ್ನೊಂದು ಅರ್ಥ. ಈ ವ್ಯತ್ಯಾಸ ಮೇಷ್ಟರಿಗೂ ಗೊತ್ತು, ಮನೆಯವರಿಗೂ ಗೊತ್ತು. ಗಣಕಕ್ಕೆ ಮಾತ್ರ ಅದನ್ನು ಯಾರಾದರೂ ಹೇಳಿಕೊಡಬೇಕು. ಹೇಳಿಕೊಡದಿದ್ದರೆ ಪರೀಕ್ಷೆಯನ್ನೇ ಬರೆಯದ ಹುಡುಗ ಪಾಸಾಗಿಬಿಡಬಹುದು!

ಮಾಹಿತಿಗೆ ಹೆಸರಿನ ಗುರುತು ಹಚ್ಚಿ ಬರೆದಿಡುವ ಭಾಷೆ ಎಕ್ಸ್‌ಎಂಎಲ್. ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಇದನ್ನು 1998ರ ಫೆಬ್ರುವರಿಯಲ್ಲಿ ಅಂಗೀಕರಿಸಿತು. ಹಾಗೆ ಬರೆದಿಟ್ಟ ಕಡತವನ್ನು ವೆಬ್ ಪುಟವಾಗಿಯೋ ಬೇರೊಂದು ಕಡತವಾಗಿಯೋ ಮಾರ್ಪಡಿಸುವ ಸ್ಟೈಲ್‌ಶೀಟ್ ಭಾಷೆ ಎಕ್ಸ್‌ಎಸ್‌ಎಲ್‌ಟಿ. ಜೇಮ್ಸ್ ಕ್ಲಾರ್ಕ್ ಸಂಪಾದಿಸಿದ ಅದರ ಮೊದಲ ಆವೃತ್ತಿ 1999ರ ನವೆಂಬರ್‌ನಲ್ಲಿ ಬಂತು.

ಒಂದು ತರಗತಿಯ ಪಟ್ಟಿಯನ್ನು ನೋಡಿ. ಅದರಲ್ಲಿ ‘ವಿದ್ಯಾರ್ಥಿ’ ಎಂಬುದು ಎಲಿಮೆಂಟ್. ಅದಕ್ಕೆ ಅಂಟಿಕೊಂಡ ‘ಅಂಕ’ ಎಂಬುದು ಅಟ್ರಿಬ್ಯೂಟ್, ಅಂದರೆ ಗುಣವಿಶೇಷ. ಈ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆಯಲು ಎಕ್ಸ್‌ಎಂಎಲ್‌ನಲ್ಲಿ ಅವಕಾಶವಿದೆ. ಮೂವರಲ್ಲಿ ಒಬ್ಬನಿಗೆ 60, ಒಬ್ಬಳಿಗೆ 30 ಅಂಕ. ಮೂರನೆಯವನು ಪರೀಕ್ಷೆಗೆ ಬಂದಿಲ್ಲ. ಆದ್ದರಿಂದ ಅವನ ಹೆಸರಿನ ಮುಂದೆ ‘ಅಂಕ’ ಎಂಬ ಅಟ್ರಿಬ್ಯೂಟೇ ಇಲ್ಲ. ಪಾಸಾಗಲು 35 ಬೇಕು.

‘ಅಂಕ 35ಕ್ಕಿಂತ ಕಡಿಮೆಯಿದ್ದರೆ ನಪಾಸು, ಇಲ್ಲವಾದರೆ ಪಾಸು’ ಎಂದು ಸ್ಟೈಲ್‌ಶೀಟ್ ಬರೆದರೆ ಏನಾಗುತ್ತದೆ? ಇಲ್ಲದ ಅಟ್ರಿಬ್ಯೂಟನ್ನು ಯಾವ ಸಂಖ್ಯೆಯೊಂದಿಗೆ ಹೋಲಿಸಿದರೂ ಉತ್ತರ ‘ಸುಳ್ಳು’ ಎಂದೇ ಬರುತ್ತದೆ. ಗಣಕ ತಪ್ಪು ಎಂದು ಕೂಗುವುದಿಲ್ಲ, ನಿಲ್ಲುವುದೂ ಇಲ್ಲ. ಸುಮ್ಮನೆ ‘ಇಲ್ಲವಾದರೆ’ ಎಂಬಲ್ಲಿಗೆ ಹೋಗಿ ‘ಪಾಸು’ ಎಂದು ಮುದ್ರಿಸುತ್ತದೆ. ಷರತ್ತನ್ನು ತಿರುಗಿಸಿ ‘35 ಅಥವಾ ಹೆಚ್ಚಿದ್ದರೆ ಪಾಸು’ ಎಂದರೆ ಅದೇ ಹುಡುಗ ನಪಾಸಾಗುತ್ತಾನೆ. ಎರಡೂ ನಿಜವಲ್ಲ.

ಸರಾಸರಿಯಲ್ಲಿಯೂ ಇದೇ ಪಜೀತಿ. ಒಟ್ಟು ಅಂಕ 90. ವಿದ್ಯಾರ್ಥಿಗಳನ್ನು ಎಣಿಸಿ ಭಾಗಿಸಿದರೆ ಸರಾಸರಿ 30. ‘ಅಂಕ’ ಅಟ್ರಿಬ್ಯೂಟ್‌ಗಳನ್ನು ಎಣಿಸಿ ಭಾಗಿಸಿದರೆ 45. ಯಾವುದು ಬೇಕೆಂದು ಬರೆಯುವವರು ಮೊದಲೇ ತೀರ್ಮಾನಿಸಬೇಕು.

ಪರಿಹಾರ ಕಷ್ಟವಲ್ಲ. ಎಕ್ಸ್‌ಎಸ್‌ಎಲ್‌ಟಿಯ ‘ಚೂಸ್’ ಎಂಬ ಆಜ್ಞೆಯೊಳಗೆ ಹಲವು ‘ವೆನ್’ಗಳನ್ನೂ ಕೊನೆಗೊಂದು ‘ಅದರ್‌ವೈಸ್’ ಅನ್ನೂ ಬರೆಯಬಹುದು. ಮೊದಲು ನಿಜವಾದ ‘ವೆನ್’ ಮಾತ್ರ ನಡೆಯುತ್ತದೆ. ಹಾಗಾಗಿ ಮೊದಲ ‘ವೆನ್’ನಲ್ಲಿ ‘ಅಂಕ ಇಲ್ಲವೇ?’ ಎಂದು ‘ನಾಟ್’ ಬಳಸಿ ಕೇಳಿ, ‘ಗೈರುಹಾಜರು’ ಎಂದು ಬರೆಸಬೇಕು. ಎರಡನೆಯದರಲ್ಲಿ 35ಕ್ಕಿಂತ ಕಡಿಮೆಯೇ ಎಂಬ ಪ್ರಶ್ನೆ. ಉಳಿದವರು ಪಾಸು.

ಇನ್ನೊಂದು ಎಚ್ಚರ. ಅಟ್ರಿಬ್ಯೂಟ್ ಇದ್ದು ಅದರೊಳಗೆ ಏನೂ ಬರೆಯದಿದ್ದರೆ ಅದು ‘ಇಲ್ಲ’ ಎಂದಾಗುವುದಿಲ್ಲ. ‘ನಾಟ್’ ಅದನ್ನು ಹಿಡಿಯುವುದಿಲ್ಲ. ಮೊದಲ ಆವೃತ್ತಿಯಲ್ಲಿ ಅಂಥ ಒಂದೇ ಒಂದು ಖಾಲಿ ಅಂಕ ಸೇರಿದರೂ ಇಡೀ ಮೊತ್ತ ‘ಸಂಖ್ಯೆಯಲ್ಲ’ ಎಂದಾಗುತ್ತದೆ. ಖಾಲಿಯನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು.

ಕಡತದ ನಿಯಮ ಹೇಳುವ ಡಿಟಿಡಿಯಲ್ಲಿ ‘ಅಂಕ’ವನ್ನು ಕಡ್ಡಾಯ ಮಾಡಿಬಿಡಬಹುದಲ್ಲ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಮಾಡಬಹುದು. ಆದರೆ ಆಗ ಬಾರದವನ ಮುಂದೆಯೂ ಏನಾದರೊಂದು ತುಂಬಲೇಬೇಕು. ಅವಸರದಲ್ಲಿ ಕೈ ಹೋಗುವುದು ಸೊನ್ನೆಯ ಕಡೆಗೇ. ಜ್ವರದಿಂದ ಮಲಗಿದ್ದ ಮಗುವಿನ ಪಟ್ಟಿಯಲ್ಲಿ ಸೊನ್ನೆ ಕಂಡರೆ ಮನೆಯಲ್ಲಿ ಆಗುವ ಗದ್ದಲವನ್ನು ಯಾವ ಸ್ಟೈಲ್‌ಶೀಟೂ ಸರಿಪಡಿಸಲಾರದು.