ಗಾಳಿ ಇಳಿದರೆ ಬಿಸಿ ಏರುವುದು

ವೈಶಾಖದ ನಡುಹಗಲು. ಹುಬ್ಬಳ್ಳಿಯ ಬೆಂಗೇರಿಯಲ್ಲಿ, ರಾಷ್ಟ್ರಧ್ವಜ ಸಿದ್ಧವಾಗುವ ಖಾದಿ ಕೇಂದ್ರದ ಮುಂದಿನ ರಸ್ತೆ ಕಾದ ಹಂಚಿನಂತಾಗಿದೆ. ಬೇವಿನ ನೆರಳಿನಲ್ಲಿ ಕುಳಿತ ಹಿರಿಯರೊಬ್ಬರು ವಲ್ಲಿಯಿಂದ ಗಾಳಿ ಹಾಕಿಕೊಳ್ಳುತ್ತ, “ಈ ಸಲ ಸೂರ್ಯಾ ಭಾಳ ಹತ್ತರ ಬಂದಾನ ನೋಡ್ರಿ” ಎನ್ನುತ್ತಾರೆ.

ನಿಜಸ್ಥಿತಿ ಬೇರೆಯೇ. ಭೂಮಿಯು ಸೂರ್ಯನಿಗೆ ಅತಿ ಸಮೀಪವಿರುವುದು ಜನವರಿಯ ಆರಂಭದಲ್ಲಿ. ಮೇ ತಿಂಗಳಲ್ಲಿ ಅದು ದೂರ ಸರಿಯುತ್ತಿರುತ್ತದೆ! ಬೇಸಗೆಯಲ್ಲಿ ಸೂರ್ಯನು ನೆತ್ತಿಯ ಮೇಲೆ ಬರುವುದರಿಂದ ಬಿಸಿಲು ಪ್ರಖರವಾಗುವುದೇನೋ ದಿಟ. ಅದು ಪ್ರತಿ ವರ್ಷದ ಮಾತು. ಕೆಲವು ವರ್ಷಗಳಲ್ಲಿ ಮಾತ್ರ ಶಾಖದ ಅಲೆ ಏಳುವುದೇಕೆ?

ಸಾಧಾರಣ ದಿನಗಳಲ್ಲಿ ನೆಲದ ಬಳಿ ಕಾದ ಗಾಳಿಯು ಮೇಲೇರಿ, ತಣಿದು, ಮೋಡ ಕಟ್ಟುತ್ತದೆ. ಸಂಜೆ ಗುಡುಗಿ ನಾಲ್ಕು ಹನಿ ಬಿದ್ದರೆ ಊರೆಲ್ಲ ತಂಪು. ಮೇಲಿನ ಸ್ತರಗಳಲ್ಲಿ ಅಧಿಕ ವಾಯುಭಾರದ ವಲಯವೊಂದು ನೆಲೆನಿಂತಿತೆನ್ನಿ. ಆಗ ಗಾಳಿ ಏರುವ ಬದಲು ಇಳಿಯತೊಡಗುತ್ತದೆ. ಇಳಿದಂತೆ ಸುತ್ತಲಿನ ಒತ್ತಡ ಹೆಚ್ಚಿ ಅದು ಸಂಕುಚಿತವಾಗುತ್ತದೆ, ಸಂಕುಚಿತವಾದಂತೆ ಬಿಸಿಯಾಗುತ್ತದೆ. ಸೈಕಲ್ಲಿಗೆ ಗಾಳಿ ತುಂಬುವಾಗ ಪಂಪಿನ ಬುಡ ಬೆಚ್ಚಗಾಗುವುದನ್ನು ನಿಮ್ಮ ಮನೆಯ ಹುಡುಗರೇ ಬಲ್ಲರು. ಒಣಗಾಳಿ ಒಂದು ಕಿಲೋಮೀಟರ್ ಇಳಿದರೆ ಅದರ ಉಷ್ಣತೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಮೋಡ ಕಟ್ಟುವುದಿಲ್ಲ, ಬಿಸಿಲಿಗೆ ತಡೆಯಿಲ್ಲ. ನೆಲದ ತೇವವೂ ಆರಿತೆಂದರೆ ಕಾವೆಲ್ಲ ಗಾಳಿಯ ಪಾಲು. ಮುಚ್ಚಳ ಹಾಕಿದ ಪಾತ್ರೆಯಂತೆ, ಇಂದಿನ ಬಿಸಿಯ ಮೇಲೆ ನಾಳೆಯ ಬಿಸಿ ಸೇರುತ್ತ ಹೋಗುತ್ತದೆ.

2024ರ ಏಪ್ರಿಲ್ ತಿಂಗಳಲ್ಲಿ ದಕ್ಷಿಣ ಭಾರತದ ಮೇಲೆ ಇಂಥದೇ ವಲಯ ಬೀಡುಬಿಟ್ಟಿತ್ತು. ತಂಪಿಗೆ ಹೆಸರಾದ ಬೆಂಗಳೂರಿನಲ್ಲಿಯೂ ಏಪ್ರಿಲ್ 28ರಂದು ಉಷ್ಣತೆ 38.5 ಡಿಗ್ರಿಗೆ ಮುಟ್ಟಿತು. ಶೀತದೇಶವೆನಿಸಿದ ಕೆನಡಾದ ಲಿಟನ್ ಗ್ರಾಮದಲ್ಲಿ 2021ರ ಜೂನ್ 29ರಂದು 49.6 ಡಿಗ್ರಿ! ಮರುದಿನವೇ ಆ ಊರಿನ ಬಹುಭಾಗ ಬೆಂಕಿಗೆ ಆಹುತಿಯಾಯಿತು.

ಇದನ್ನು ತಿಳಿದು ನಮಗೇನು ಪ್ರಯೋಜನವೆಂದು ವಾಚಕರು ಕೇಳಬಹುದು. ಪ್ರಯೋಜನವಿದೆ. ಈ ಬಿಸಿ ಬರಿಯ ಬಿಸಿಲಿನದಲ್ಲವಾದ್ದರಿಂದ ನೆರಳಿಗೆ ಬಂದೆವೆಂದಾಗಲಿ, ಹೊತ್ತು ಮುಳುಗಿತೆಂದಾಗಲಿ ಮೈಮರೆಯುವಂತಿಲ್ಲ. ಕಾದ ಗೋಡೆಗಳ ನಡುವೆ ಮಲಗಿದ ವೃದ್ಧರಿಗೂ ಹಸುಗೂಸುಗಳಿಗೂ ರಾತ್ರಿಯೂ ಅಪಾಯವೇ. ಕಿಟಕಿ ತೆರೆದಿಡಿ, ನೀರು, ಮಜ್ಜಿಗೆ ಕೈಗೆಟಕುವಂತಿರಲಿ. ಯಾರಿಗಾದರೂ ಮೈ ಕೆಂಡವಾಗಿ ಮಾತು ತೊದಲಿದರೆ, ಮೈಗೆ ತಣ್ಣೀರು ಸುರಿಯುತ್ತಲೇ ಆಸ್ಪತ್ರೆಗೆ ಸಾಗಿಸಿ.

ಬೇವಿನ ನೆರಳಿನ ಹಿರಿಯರಿಗೆ ಈ ವಿವರವನ್ನೆಲ್ಲ ಆಮೇಲೆ ಹೇಳಿದರಾಯಿತು. ಮೊದಲು ಒಂದು ತಂಬಿಗೆ ನೀರು ಕೊಡೋಣ.