ಜೈಲಿನ ಕಲಮು ಉಳಿಯಿತು, ಸಾಲದ ಕಲಮು ಹೋಯಿತು

2020ನೇ ಇಸವಿ ಮಾರ್ಚಿ 24ನ್ನು ಒಂಟಿಕೊಪ್ಪಲಿನ ಚಿಲ್ಲರೆ ಅಂಗಡಿಯವರೂ ಮರೆತಿಲ್ಲ, ಗಿರಣಿ ಕಾರ್ಮಿಕರೂ ಮರೆತಿಲ್ಲ. ಅಂದು ದೇಶಕ್ಕೆ ಬಾಗಿಲು ಹಾಕಿಸಿದ ಆಜ್ಞೆ ಹೊರಟದ್ದು 2005ರ ವಿಪತ್ತು ನಿರ್ವಹಣಾ ಕಾಯಿದೆಯ ಬಲದಿಂದ. ಹೊತ್ತು ಮೀರಿ ಬಾಗಿಲು ತೆರೆದವನಿಗೆ ಅದರ 51ನೇ ಕಲಮು ಒಂದು ವರ್ಷದವರೆಗಿನ ಜೈಲು ತೋರಿಸುತ್ತಿತ್ತು.

ಅದೇ ಕಾಯಿದೆಯ ಹೆಸರಿನಲ್ಲಿ ಮಾರ್ಚಿ 29ರಂದು ಇನ್ನೊಂದು ಆಜ್ಞೆ ಬಂತು: ಬಂದಾದ ದಿನಗಳ ಕೂಲಿಯನ್ನು ಮಾಲೀಕರು ಕಡಿತವಿಲ್ಲದೆ ಕೊಡತಕ್ಕದ್ದು. ಮಾಲೀಕರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಮೇ 18ರಿಂದ ಆ ಆಜ್ಞೆಯೇ ಇಲ್ಲವಾಯಿತು!

ಈ ಕಾಯಿದೆಯ ತುತ್ತತುದಿಯಲ್ಲಿರುವುದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ; ಅಧ್ಯಕ್ಷರು ಸಾಕ್ಷಾತ್ ಪ್ರಧಾನಮಂತ್ರಿಗಳು. ರಾಜ್ಯದಲ್ಲಿ ಮುಖ್ಯಮಂತ್ರಿ, ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ. ಜಿಲ್ಲಾಧಿಕಾರಿಯ ಪಕ್ಕದಲ್ಲಿ ಸಹ ಅಧ್ಯಕ್ಷರಾಗಿ ಜಿಲ್ಲಾ ಪಂಚಾಯಿತಿಯ ಚುನಾಯಿತ ಅಧ್ಯಕ್ಷರು ಕೂರಬೇಕೆಂದು ಕಾಯಿದೆ ಹೇಳುತ್ತದೆ. ನಮ್ಮ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ತೀರಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಇದು ದೆಹಲಿಯ ತಪ್ಪಲ್ಲ, ಬೆಂಗಳೂರಿನದು. ಅಲ್ಲಿ ಪಕ್ಷ ಬದಲಾದರೂ ಪಕ್ಕದ ಕುರ್ಚಿ ತುಂಬಲಿಲ್ಲ.

ಪ್ರಾಧಿಕಾರವೇ ಬೇಡವೆನ್ನುವವನು ನಾನಲ್ಲ. 2024ರ ಜುಲೈ 30ರ ಬೆಳಗಿನ ಜಾವ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಮಣ್ಣಿನಡಿ ಹೋದಾಗ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ ಜವಾನರು ಕೆಸರಿಗಿಳಿದು ದುಡಿದರು. ಅದು ನಮ್ಮ ಕಬಿನಿಯ ತವರು, ದೂರದ ಸೀಮೆಯಲ್ಲ. ಆದರೆ ಮನೆ ಕೊಚ್ಚಿಹೋದವನ ತಲೆಯ ಮೇಲೆ ಬ್ಯಾಂಕಿನ ಸಾಲ ಹಾಗೆಯೇ ಉಳಿಯಿತು. ಘೋರ ವಿಪತ್ತಿನಲ್ಲಿ ಸಾಲ ತೀರಿಸುವುದಕ್ಕೆ ರಿಯಾಯಿತಿ ಶಿಫಾರಸು ಮಾಡುವ ಅಧಿಕಾರ 13ನೇ ಕಲಮಿನಲ್ಲಿತ್ತು. ಅದನ್ನೇಕೆ ಬಳಸಬಾರದೆಂಬ ಪ್ರಶ್ನೆ ಕೇರಳ ಹೈಕೋರ್ಟಿನಲ್ಲಿ ಎದ್ದಿತು. 2025ರಲ್ಲಿ ಕೇಂದ್ರ ಸರ್ಕಾರದವರು ಕೊಟ್ಟ ಉತ್ತರವೇನು? ಆ ವರ್ಷದ ತಿದ್ದುಪಡಿಯಲ್ಲಿ 13ನೇ ಕಲಮನ್ನೇ ತೆಗೆದಿದೆ, ಆದ್ದರಿಂದ ಅಧಿಕಾರವಿಲ್ಲ!

ತೆಗೆದವರು ಯಾರು ಸ್ವಾಮಿ? ಮೇಷ್ಟರಾಗಿದ್ದಾಗ ಮಕ್ಕಳಿಗೆ ಕಳೆಯುವ ಲೆಕ್ಕ ಹೇಳಿಕೊಟ್ಟವನು ನಾನು. ಇಂಥ ಕಳೆಯುವ ಲೆಕ್ಕ ಕಂಡಿರಲಿಲ್ಲ. 51 ಮಾತ್ರ ಭದ್ರವಾಗಿದೆ.

ಉಳಿದಿರುವ 12ನೇ ಕಲಮಿನ ಪರಿಹಾರವಾದರೂ ತಾನಾಗಿ ಬಂತೆ? ಕೋವಿಡ್‌ನಲ್ಲಿ ಸತ್ತವರ ಮನೆಗೆ 50,000 ರೂಪಾಯಿ ಎಂದು ಪ್ರಾಧಿಕಾರ ಬಾಯಿಬಿಟ್ಟದ್ದು, 2021ರ ಜೂನ್ 30ರಂದು ಸುಪ್ರೀಂ ಕೋರ್ಟು ಅದು ನಿಮ್ಮ ಕರ್ತವ್ಯವೆಂದು ಹೇಳಿದ ಮೇಲೆ. ದುಡ್ಡು ತೆಗೆದದ್ದೂ ರಾಜ್ಯಗಳ ವಿಪತ್ತು ನಿಧಿಯಿಂದಲೇ.

ಓಟು ಕೇಳಲು ಬರುವ ಲೋಕಸಭಾ ಸದಸ್ಯರನ್ನು ದೇವಸ್ಥಾನದ ಬೀದಿಯಲ್ಲಿ ನಿಲ್ಲಿಸಿ ಕೇಳಿ: 13ನೇ ಕಲಮನ್ನು ತೆಗೆದುಹಾಕಿದಾಗ ತಾವು ಸದನದಲ್ಲಿ ಏನೆಂದಿರಿ?