ಅರ್ಕಾವತಿಗೆ ನೀರಗಂಟಿ ಬೇಕು

ನಂದಿ ಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರ ಸೀಮೆಯನ್ನು ಹಾದು ಬರುವ ಅರ್ಕಾವತಿಯನ್ನು ಇಂದು ಹೊಳೆಯೆಂದು ಕರೆಯಲು ನಾಲಗೆ ಹಿಂಜರಿಯುತ್ತದೆ. ೧೮೯೪ರ ಹೆಸರಘಟ್ಟ ಯೋಜನೆಗೂ ೧೯೩೩ರ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೂ ನೀರೊದಗಿಸಿ ಬೆಂಗಳೂರಿನ ಬಾಯಾರಿಕೆ ತಣಿಸಿದ ಹೊಳೆ ಇದೇ. ೨೦೧೨ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ನೀರೆತ್ತುವುದನ್ನೇ ನಿಲ್ಲಿಸಬೇಕಾಯಿತು. ಮಳೆ ಕೈಕೊಟ್ಟಿತು ಎನ್ನುತ್ತಾರೆ ದೊಡ್ಡವರು. ಮಳೆಯ ಮೇಲೆ ತಪ್ಪು ಹೊರಿಸುವುದು ಸುಲಭ. ಮಳೆ ಮಾನನಷ್ಟ ಮೊಕದ್ದಮೆ ಹೂಡುವುದಿಲ್ಲ!

ಬಿದ್ದ ಮಳೆ ಎಲ್ಲಿ ಹೋಯಿತು? ನಮ್ಮ ಕೆರೆಗಳು ಸರಪಣಿಯಂತೆ ಕೂಡಿಕೊಂಡಿದ್ದವು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ, ಕಡೆಗೆ ಹೊಳೆಗೆ. ಆ ಕಾಲುವೆಗಳ ಮೇಲೆ ಬಡಾವಣೆಗಳೆದ್ದವು. ನೀಲಗಿರಿ ತೋಪುಗಳು ಹಬ್ಬಿದವು. ೨೦೧೭ರಲ್ಲಿ ಅದನ್ನು ನೆಡಬಾರದೆಂದು ಸರ್ಕಾರ ಹೇಳುವ ಹೊತ್ತಿಗೆ ಅಂತರ್ಜಲ ಪಾತಾಳ ಸೇರಿತ್ತು. ಕೊಳವೆಬಾವಿಗಳು ಇಳಿದಂತೆ ಹೊಳೆಯ ಒರತೆ ಬತ್ತಿತು. ಜಲಾನಯನ ರಕ್ಷಿಸಲು ೨೦೦೩ರಲ್ಲಿ ಆದೇಶ ಹೊರಡಿಸಿದ ಸರ್ಕಾರವೇ ೨೦೧೯ರಲ್ಲಿ ಅದನ್ನು ಸಡಿಲಿಸಿತು. ಬೇಲಿಯೇ ಎದ್ದು ಹೊಲ ಮೇಯ್ದದ್ದು ಹೀಗೆ! ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳಿಗೆ ದೊಡ್ಡಬಳ್ಳಾಪುರದ ಚರಂಡಿ, ಕಾರ್ಖಾನೆಗಳ ಹೊಲಸು ಹರಿಯಿತು. ಅಲ್ಲಿನ ಜನ ಬೀದಿಗಿಳಿದು ಕೇಳಿದ್ದು ಶುದ್ಧ ನೀರು, ಅಷ್ಟೆ.

ಹಿಂದೆ ಕೆರೆಗೊಬ್ಬ ನೀರಗಂಟಿ ಇದ್ದ. ತೂಬು ಎತ್ತುವುದು, ಅಚ್ಚುಕಟ್ಟಿಗೆ ಸರದಿಯಂತೆ ನೀರು ಬಿಡುವುದು, ಏರಿ ಬಿರುಕು ಬಿಟ್ಟರೆ ಊರಿಗೆ ತಿಳಿಸುವುದು ಅವನ ಕೆಲಸ. ಬೇಸಗೆಯಲ್ಲಿ ರೈತರು ಹೂಳೆತ್ತಿ ಹೊಲಕ್ಕೆ ಹೊಡೆಯುತ್ತಿದ್ದರು. ಕೆರೆಗೂ ಲಾಭ, ಹೊಲಕ್ಕೂ ಲಾಭ.

ಹಳೆಯದೆಲ್ಲ ಚಿನ್ನವೆಂದು ವೇದಿಕೆಯಲ್ಲಿ ಹಾಡುವವರು ಇದನ್ನೂ ಕೇಳಲಿ. ನೀರಗಂಟಿ ಬಹುಮಟ್ಟಿಗೆ ದಲಿತ ಕೇರಿಯವನು. ಊರ ಗದ್ದೆಗೆಲ್ಲ ನೀರು ಹಂಚಿದವನು ಊರ ಬಾವಿ ಮುಟ್ಟುವಂತಿರಲಿಲ್ಲ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ೧೯೬೧ರ ಕಾಯ್ದೆ ರದ್ದುಪಡಿಸಿದ್ದು ನ್ಯಾಯವೇ. ಅದೇ ಕೆಲಸಕ್ಕೆ ಸಂಬಳ ಕೊಟ್ಟು ಆಳನ್ನು ನೇಮಿಸದೆ ಕೆರೆಯನ್ನು ಕಡತಕ್ಕೆ ಒಪ್ಪಿಸಿದ್ದು ಅನ್ಯಾಯ. ೪೦ ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಚಿಕ್ಕದು ಪಂಚಾಯಿತಿಗೆ ಎಂದು ಕಾಗದ ಹೇಳುತ್ತದೆ. ತೂಬಿನ ಬಳಿ ಯಾರಿದ್ದಾರೆ? ನೀರಗಂಟಿ ಎಂಬ ಹೆಸರು ಪಂಚಾಯಿತಿಗಳಲ್ಲಿ ಇನ್ನೂ ಉಳಿದಿದೆ. ಅವನ ಕೈಗೆ ಕೊಟ್ಟಿರುವುದು ಮಾತ್ರ ಕೊಳವೆಬಾವಿಯ ಪಂಪಿನ ಸ್ವಿಚ್ಚು!

ಗಿರಣಿ, ಮಗ್ಗಗಳ ಕೆಲಸಗಾರರೇ, ಪೇಟೆಯ ಸಣ್ಣ ವ್ಯಾಪಾರಿಗಳೇ, ಇದು ರೈತರ ಗೋಳೆಂದು ಸುಮ್ಮನಿರಬೇಡಿ. ಟ್ಯಾಂಕರಿಗೆ ತೆರುವ ದುಡ್ಡು ನಿಮ್ಮ ಕೂಲಿಯದು, ನಿಮ್ಮ ಗಲ್ಲಾಪೆಟ್ಟಿಗೆಯದು. ನಮ್ಮ ಬೇಡಿಕೆ ಮೂರು. ಕಾಲುವೆಗಳನ್ನು ಅಳೆದು, ಬಡವನ ಗುಡಿಸಲಿಗೆ ಮೊದಲು ಕೈಹಾಕದೆ ದೊಡ್ಡವರ ಒತ್ತುವರಿಯಿಂದಲೇ ತೆರವು ಆರಂಭವಾಗಲಿ. ಶುದ್ಧೀಕರಿಸದ ಒಂದು ತಂಬಿಗೆ ನೀರೂ ಕೆರೆಗೆ ಬೀಳದಿರಲಿ. ಪ್ರತಿ ಕೆರೆಗೂ ನೀರಗಂಟಿ ಬರಲಿ. ಯಾವ ಜಾತಿಯವರಾದರೂ ಸರಿ, ಗಂಡಾದರೂ ಹೆಣ್ಣಾದರೂ ಸರಿ, ಗೌರವದ ಸಂಬಳವಿರಲಿ, ಗ್ರಾಮಸಭೆಗೆ ಲೆಕ್ಕ ಒಪ್ಪಿಸಲಿ.

ಮುಂದಿನ ಗ್ರಾಮಸಭೆಯಲ್ಲಿ, ವಾರ್ಡು ಸಭೆಯಲ್ಲಿ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: ನಮ್ಮ ಕೆರೆಯನ್ನು ಕಾಯುವವರು ಯಾರು? ಹೆಸರು ಹೇಳುವತನಕ ಕೂರಬೇಡಿ.